ಬುತ್ತಿಹಕ್ಕಿ

ನನ್ನ ಗಂಡನ ಅಣ್ಣ ಹಾನುಸ್ ಭಾವ ಜುಲೈ ತಿಂಗಳಿನಲ್ಲಿ ಕ್ರಿಸ್‌ಮಸ್ಸಿನ ಉಪದೇಶ ಓದಿದರು. ಅವತ್ತೇ ನಮಗೆ ತಿಳಿಯಬೇಕಿತ್ತು. ನಮ್ಮ ದ್ವೀಪಕ್ಕೆ ಪಾದ್ರಿ ಬರುವುದು ಸಮುದ್ರ ದೊಡ್ಡ ಮನಸ್ಸು ಮಾಡಿದಾಗ ಮಾತ್ರ. ಉಳಿದ ಭಾನುವಾರಗಳಲ್ಲಿ ಇಗರ್ಜಿಯಲ್ಲಿ ಪುಸ್ತಕ ಹಿಡಿದು ಉಪದೇಶ ಓದುವುದು ಭಾವನ ಕೆಲಸ, ಅವರ ಅಪ್ಪನಿಂದ ಬಂದದ್ದು. ಅವತ್ತು ಅವರು ಪುಸ್ತಕವನ್ನು ಮೂಗಿನ ಮುಂದೆ ಎತ್ತಿ ಹಿಡಿದು, ಕೊಟ್ಟಿಗೆ, ಕುರುಬರು, ನಕ್ಷತ್ರ ಎಂದು ಗಂಭೀರವಾಗಿ ಓದಿ ಮುಗಿಸಿದರು. ಹೊರಗೆ ಹುಲ್ಲು ಕೊಯ್ಲಿಗೆ ಬಂದಿತ್ತು. ಹಿಂದಿನ ಬೆಂಚಿನಿಂದ ನಮ್ಮೂರಿನ ತುಮ್ಮಾಸ್ ಎದ್ದು ನಿಂತು, "ಪಾದ್ರಿಗಳೇ, ಉಡುಗೊರೆ ಯಾವಾಗ ಕೊಡ್ತೀರಿ?" ಎಂದು ಕೇಳಿದ.

"ಉಡುಗೊರೆ ಒಳ್ಳೇ ಹುಡುಗ್ರಿಗೆ ಮಾತ್ರ. ನೀನು ಕೂತ್ಕೋ," ಎಂದರು ಭಾವ.

ಎಲ್ಲರೂ ನಕ್ಕು ಮನೆಗೆ ಹೋದೆವು. ಕಣ್ಣು ಮಂಜಾಗಿ, ಅಕ್ಷರ ಕಾಣದೆ, ಬಾಯಿಪಾಠ ಇದ್ದದ್ದನ್ನು ಒಪ್ಪಿಸಿದ್ದಾರೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ವಯಸ್ಸಾದವರ ಗೀಳು ಎಂದುಕೊಂಡೆವು.

ಭಾವ ಹುಟ್ಟಿದ್ದು ನಮ್ಮ ಪಕ್ಕದ ಹಳೇ ಮನೆಯಲ್ಲಿ, ಈಗಲೂ ಒಬ್ಬರೇ ಮಲಗುವ ಮಂಚದಲ್ಲೇ. ಮೀಸೆ ಮೂಡುವ ವಯಸ್ಸಿನಲ್ಲಿ ಗ್ರೀನ್‌ಲ್ಯಾಂಡ್ ಕಡೆಗೆ ಹೋಗುವ ಮೀನು ಹಡಗು ಹತ್ತಿದ್ದರು. ಒಂದೇ ಸಲ. "ಅಲ್ಲಿ ಗಾಳಿ ಬಂದ್ರೆ ಎಲ್ರೂ ಬೈಕೋತಾರೆ. ಇಲ್ಲಿ ಗಾಳಿ ಬಂದ್ರೆ ಕೋಲು ಹಿಡ್ಕೊಂಡು ಓಡ್ತೀವಿ. ಯಾವುದು ವಾಸಿ ನೀನೇ ಹೇಳು," ಎನ್ನುತ್ತಿದ್ದರು. ಮದುವೆ ಯಾಕಾಗಲಿಲ್ಲ ಎಂದು ಹೊಸದಾಗಿ ಈ ಮನೆ ಸೇರಿದ ನಾನು ಒಮ್ಮೆ ಕೇಳಿಯೂ ಬಿಟ್ಟಿದ್ದೆ. "ಕೇಳೋಣ ಅಂತ ಹೊರಟಿದ್ದೆ ಸನ್ನಾ, ಅಷ್ಟರಲ್ಲಿ ಗಾಳಿ ತಿರುಗ್ತು," ಎಂದರು. ಯಾರನ್ನು ಕೇಳಲು ಹೊರಟಿದ್ದರೋ, ಅದನ್ನು ಮಾತ್ರ ಇವತ್ತಿಗೂ ಬಾಯಿ ಬಿಟ್ಟಿಲ್ಲ. ನಾನು ಕೇಳುವುದನ್ನೂ ಬಿಟ್ಟಿಲ್ಲ.

ಕುರಿ, ಆಲೂಗಡ್ಡೆ, ಇಗರ್ಜಿ. ವರ್ಷದ ಉಳಿದ ದಿನಗಳೆಲ್ಲ ಇದರಲ್ಲೇ ಹೋಗುತ್ತವೆ. ಆದರೆ ಜುಲೈ ಬಂದು ನೈಋತ್ಯದ ಗಾಳಿ ಬಂಡೆಗೆ ಬಡಿಯಲು ಶುರುವಾಯಿತೆಂದರೆ ಭಾವ ಬೇರೆಯೇ ಮನುಷ್ಯ. ತುದಿಗೆ ಬಲೆ ಕಟ್ಟಿದ, ಎರಡಾಳಿಗಿಂತ ಉದ್ದದ ಬಲೆಗೋಲನ್ನು ಹೆಗಲಿಗೇರಿಸಿ, ಪಶ್ಚಿಮದ ಅಂಚಿನಲ್ಲಿರುವ ಹೊಂಚುಕಲ್ಲಿಗೆ ಹೋಗಿ ಕೂರುತ್ತಾರೆ. ಕೆಳಗೆ ಸಮುದ್ರ, ಮುಂದೆ ಗಾಳಿ, ಆ ಗಾಳಿಯಲ್ಲಿ ಪಫಿನ್ ಎಂಬ ಬಣ್ಣದ ಕೊಕ್ಕಿನ ಕಡಲಹಕ್ಕಿಗಳು ಸುತ್ತು ಹೊಡೆಯುತ್ತಿರುತ್ತವೆ. ಹೀಗೆ ಸುತ್ತುವವು ಗೂಡಿಲ್ಲದ, ಜೋಡಿಯಿಲ್ಲದ ಎಳೆಯ ಹಕ್ಕಿಗಳು, ಬಂದರು ಕಟ್ಟೆಯ ಮೇಲೆ ಕೂತು ಹೊತ್ತು ಕಳೆಯುವ ಪೋಲಿ ಹುಡುಗರ ಹಾಗೆ. ಹಕ್ಕಿ ನಮ್ಮನ್ನು ದಾಟಿ ಮುಂದೆ ಹೋಗಬೇಕು, ಆಗ ಹಿಂದಿನಿಂದ ಕೋಲೆತ್ತಬೇಕು. ಎದುರಿಗೆ ಎತ್ತಿದರೆ ಅದು ನಕ್ಕು ಪಕ್ಕಕ್ಕೆ ಹೋಗುತ್ತದೆ. ಈಗ ಹಕ್ಕಿಗಳು ಕಡಿಮೆಯಾಗಿವೆ, ಕೋಲು ಹಿಡಿಯುವವರೂ ಕಡಿಮೆ. ಬೇಸಿಗೆಗೆ ಒಂದೆರಡು ದಿನ, ಊರಿನ ಪಾತ್ರೆಗೆ ಆಗುವಷ್ಟು ಹಿಡಿಯುತ್ತಾರೆ, ಹೊಗೆ ಏಳುವ ಪ್ರತಿ ಮನೆಗೂ ಪಾಲು ಹೋಗುತ್ತದೆ.

ಹಿಡಿಯಲು ಒಂದೇ ಒಂದು ಕಟ್ಟಳೆ. ಬಾಯಲ್ಲಿ ಮೀನು ಕಚ್ಚಿಕೊಂಡು ಬರುವ ಹಕ್ಕಿಯನ್ನು ಮುಟ್ಟಬಾರದು. ಅದನ್ನು ನಾವು ಬುತ್ತಿಹಕ್ಕಿ ಎನ್ನುತ್ತೇವೆ. ಅದರ ಬಾಯಲ್ಲಿರುವುದು ಅದರದ್ದಲ್ಲ, ಬಿಲದಲ್ಲಿ ಕಾದು ಕೂತಿರುವ ಮರಿಯದ್ದು. ಯಾರಾದರೂ ಬುತ್ತಿಹಕ್ಕಿಯನ್ನು ಬಲೆಗೆ ಹಾಕಿದರೋ, ಆ ಬೇಸಿಗೆಗೆ ಅವರ ಕೋಲು ಅಟ್ಟಕ್ಕೆ. ಅಷ್ಟೇ ಅಲ್ಲ, ಆ ದಿನದ ಹಕ್ಕಿಗಳನ್ನು ತಾವೇ ಮನೆಮನೆಗೆ ಹೊತ್ತು, ಬಾಗಿಲಲ್ಲಿ ನಿಂತು ತಮ್ಮ ಬಾಯಿಂದಲೇ ಹೇಳಬೇಕು. ಇದನ್ನು ಶಿಕ್ಷೆ ಎಂದು ಯಾರೂ ಕರೆಯುವುದಿಲ್ಲ. ಆದರೆ ಊರಿನ ನೆನಪು ಎಂಥದ್ದೆಂದು ಊರಲ್ಲಿ ಬದುಕಿದವರಿಗೇ ಗೊತ್ತು.

ತುಮ್ಮಾಸ್‌ಗೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷಗಳ ಹಿಂದೆ, ಇನ್ನೂ ಬಿಸಿರಕ್ತದ ಹುಡುಗನಾಗಿದ್ದಾಗ, ಅವನ ಬಲೆಗೆ ಬುತ್ತಿಹಕ್ಕಿಯೊಂದು ಬಿತ್ತು. ಪಕ್ಕದ ಕಲ್ಲಿನಲ್ಲಿ ಕೂತಿದ್ದ ಹಾನುಸ್ ಭಾವ ಕಂಡರು. ಕಂಡದ್ದನ್ನು ಕಡ್ಡಿ ಮುರಿದಂತೆ ಎಲ್ಲರೆದುರು ಹೇಳಿದರು. ತುಮ್ಮಾಸ್ ಮನೆಮನೆಗೆ ಹೋಗಿ ಹೇಳಿ ಬಂದ. ಅಂದಿನಿಂದ ಅವನು ಭಾವನನ್ನು ಹೆಸರು ಹಿಡಿದು ಕರೆದದ್ದಿಲ್ಲ, ಅಣ್ಣ ಎಂದದ್ದಂತೂ ಇಲ್ಲವೇ ಇಲ್ಲ. "ಪಾದ್ರಿಗಳೇ" ಎನ್ನುತ್ತಾನೆ. ಆ ಒಂದು ಪದದಲ್ಲಿ ಎಷ್ಟು ಉಪ್ಪು ಖಾರ ಹಾಕಬಹುದೋ ಅಷ್ಟೂ ಹಾಕಿ ಎನ್ನುತ್ತಾನೆ. ಭಾವನಿಗೋ, ತಮ್ಮ ಬಲೆ ಒಂದು ದಿನವೂ ಬುತ್ತಿಹಕ್ಕಿಗೆ ಏಳಲಿಲ್ಲ ಎಂಬುದೊಂದೇ ಜೀವಮಾನದ ಹೆಮ್ಮೆ. ಬೇರೆ ಆಸ್ತಿ ಏನಿದೆ ಪಾಪ? ಕುರಿಗಳಲ್ಲಿ ಅರ್ಧ ನಮ್ಮವು.

ನಮ್ಮ ಮನೆಯ ಮೇಲಿನ ಕೋಣೆಯನ್ನು ನಾನು ಬೇಸಿಗೆಯಲ್ಲಿ ಬಾಡಿಗೆಗೆ ಕೊಡುತ್ತೇನೆ. ಗಂಡ ಹಡಗಿನಲ್ಲಿ, ಮನೆ ಖಾಲಿ, ನನಗೆ ಮಾತಾಡಲು ಮನುಷ್ಯರು ಬೇಕು. ಬರುವವರು ಬಹುಪಾಲು ಹಕ್ಕಿ ಫೋಟೋದವರು. ಇವರನ್ನು ನೋಡುವುದೇ ನನಗೊಂದು ತಮಾಷೆ. ಒಂದು ಮಗುವಿನಷ್ಟು ತೂಕದ ಕ್ಯಾಮೆರಾವನ್ನು ಮಗುವಿಗಿಂತ ಹೆಚ್ಚಾಗಿ ಜೋಪಾನ ಮಾಡುತ್ತಾರೆ. ಮಳೆ ಬಂದರೆ ಅದಕ್ಕೆ ಕೋಟು ತೊಡಿಸಿ ತಾವು ನೆನೆಯುತ್ತಾರೆ. ಕುರಿ ಹಿಕ್ಕೆಯ ಮೇಲೆ ಹೊಟ್ಟೆಯಡಿಯಾಗಿ ಮಲಗಿ, ದಿನಗಟ್ಟಲೆ ಒಂದೇ ಬಿಲ ನೋಡುತ್ತಾರೆ. ಏನನ್ನು ಹುಡುಕುತ್ತಾರೆ? ಅಷ್ಟು ದೂರದಿಂದ ಬಂದು, ಸಿಕ್ಕಿದ ಮೇಲೆ ಅದನ್ನು ಏನು ಮಾಡುತ್ತಾರೆ? ಪ್ರತಿ ಬೇಸಿಗೆಯೂ ಕೇಳುತ್ತೇನೆ, ಪ್ರತಿಯೊಬ್ಬರೂ ಬೇರೆಬೇರೆ ಉತ್ತರ ಕೊಡುತ್ತಾರೆ, ನನಗೆ ಇನ್ನೂ ತೃಪ್ತಿಯಾಗಿಲ್ಲ.

ಆ ವರ್ಷ ಬಂದವಳು ವೀರ್ಲೆ. ಬೆಲ್ಜಿಯಂ ಕಡೆಯವಳು, ನಲವತ್ತರ ಆಸುಪಾಸು, ಉದ್ದ ಕಾಲು, ಕಿವಿಯವರೆಗೆ ನಗು. ಅವಳ ಡ್ಯಾನಿಷ್ ಹರಕು ಮುರುಕು, ನನ್ನದೂ ಅಷ್ಟಕ್ಕಷ್ಟೇ, ಹಾಗಾಗಿ ನಮ್ಮಿಬ್ಬರಿಗೂ ಬಹಳ ಚೆನ್ನಾಗಿ ಅರ್ಥವಾಗುತ್ತಿತ್ತು. ಮೊದಲ ದಿನವೇ ಬಂಡೆಯ ಫುಲ್ಮಾರ್ ಹಕ್ಕಿಯೊಂದು ಅವಳ ಮೇಲೆ ಎಣ್ಣೆ ಕಕ್ಕಿತು. ಆ ನಾತ ಒಂದು ವಾರ ಹೋಗುವುದಿಲ್ಲ. ಬಟ್ಟೆ ಹೊರಗೆ ಬಿಚ್ಚಿಟ್ಟು ಬಾ ಎಂದೆ. "ಕ್ಯಾಮೆರಾಗೆ ಬಿದ್ದಿಲ್ಲ, ಮುಖಕ್ಕೆ ಮಾತ್ರ," ಎಂದು ಸಂತೋಷದಿಂದ ಹೇಳಿದಳು. ನನಗೆ ಅವಳು ಅಲ್ಲಿಗೇ ಇಷ್ಟವಾದಳು.

ಮರುದಿನ ಮಧ್ಯಾಹ್ನ ಅವಳು ಅಡುಗೆಮನೆಗೆ ಬಂದಾಗ ಮುಖದಲ್ಲಿ ರಕ್ತವೇ ಇರಲಿಲ್ಲ.

"ಸನ್ನಾ, ಅವು ಸತ್ತಿವೆ."

"ಯಾರು?"

"ಹಕ್ಕಿ. ಬೆಳಗಿನಿಂದ ಫೋಟೋ ತೆಗೆದೆ. ತುಂಬಾ ಒಳ್ಳೆಯ ಹಕ್ಕಿಗಳು. ಅಲುಗಾಡೋದೇ ಇಲ್ಲ. ನಾನು ಹತ್ತಿರ ಹೋದೆ, ಇನ್ನೂ ಹತ್ತಿರ ಹೋದೆ. ನನ್ನ ಮೇಲೆ ನಂಬಿಕೆ ಬಂತು ಅಂದ್ಕೊಂಡೆ. ಆಮೇಲೆ ಕಲ್ಲಿನ ಹಿಂದಿಂದ ಒಬ್ಬ ಮುದುಕ ಬಂದ. ಒಂದು ಹಕ್ಕಿ ಎತ್ತಿದ. ಚೀಲಕ್ಕೆ ಹಾಕಿದ."

ನಾನು ನಕ್ಕದ್ದು ತಪ್ಪು, ಗೊತ್ತು. ಆದರೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಮೊದಲು ಹಿಡಿದ ನಾಲ್ಕಾರು ಹಕ್ಕಿಗಳನ್ನು ಕಡ್ಡಿ ಊರಿ ಹೊಂಚುಕಲ್ಲಿನ ಸುತ್ತ ಕೂರಿಸುವುದು ಇಲ್ಲಿನ ರೂಢಿ. ಹಾರುವ ಹಕ್ಕಿಗಳು ನೋಡಿ, ಓಹೋ ಇದು ಒಳ್ಳೆಯ ಜಾಗ ಎಂದು ಹತ್ತಿರ ಬರುತ್ತವೆ. ನಾಲ್ಕು ಜನ ಕೂತ ಹೋಟೆಲಿಗೇ ಐದನೆಯವನೂ ಹೋಗುವುದು. ವೀರ್ಲೆ ಬೆಳಗಿನಿಂದ ಉಸಿರು ಹಿಡಿದು ಫೋಟೋ ತೆಗೆದದ್ದು ಈ ಗಿರಾಕಿಗಳನ್ನು.

ಸಂಜೆ ಭಾವ ಬಂದರು. ಬಾಗಿಲಲ್ಲೇ, "ನನ್ನ ಸತ್ತ ಹಕ್ಕಿಗೆ ಅಡ್ಡಬಿದ್ದು ನಮಸ್ಕಾರ ಹಾಕ್ತಿದ್ದೋಳು ಇವಳೇನಾ?" ಎಂದರು.

ವೀರ್ಲೆ ಎದ್ದು ನಿಂತಳು. ಜಗಳಕ್ಕೇ ನಿಂತದ್ದು. "ಯಾಕೆ ಕೊಲ್ಲೋದು? ಅಷ್ಟು ಚೆಂದದ ಹಕ್ಕಿ."

"ಚೆಂದ ಇದೆ ಅಂತ ಯಾರು ಇಲ್ಲ ಅಂದ್ರು? ನೀನ್ಯಾಕೆ ಫೋಟೋ ಹಿಡಿಯೋದು?"

"ನೋಡೋಕೆ."

"ನೋಡೋಕೆ ಕಣ್ಣು ಸಾಲ್ದಾ?"

"ಬೇರೆಯವರಿಗೂ ತೋರಿಸೋಕೆ."

"ನಂದೂ ಅದೇ ಲೆಕ್ಕ. ಒಬ್ನೇ ತಿನ್ನಲ್ಲ, ಊರಿಗೆಲ್ಲ ಹಂಚ್ತೀನಿ. ಕೂತ್ಕೋ, ಕೂತ್ಕೋ. ಕೋಪ ಮಾಡ್ಕೊಂಡು ನಿಂತ್ರೆ ಕಾಲು ನೋಯುತ್ತೆ ಅಷ್ಟೆ."

ಅವಳು ಕೂತಳು. ಕೋಪ ಇಳಿಯಲಿಲ್ಲ, ಆದರೆ ಕುತೂಹಲ ಅದಕ್ಕಿಂತ ದೊಡ್ಡದಾಗಿ ಕೂತಿತು. ಕೋಲು ಎಷ್ಟು ಭಾರ, ಹಕ್ಕಿ ಯಾವ ಕಡೆಯಿಂದ ಬರುತ್ತದೆ, ಕೈ ಮೊದಲು ಏಳುತ್ತದೋ ಕಣ್ಣು ಮೊದಲೋ ಎಂದೆಲ್ಲ ಕೇಳಿದಳು. ಕಡೆಯ ಪ್ರಶ್ನೆಯನ್ನು ಭಾವನಿಗೆ ಯಾರೂ ಕೇಳಿರಲಿಲ್ಲ. ಕೂತಲ್ಲೇ ಕೈಯೆತ್ತಿ ಇಳಿಸಿ ನೋಡಿದರು. "ಕಣ್ಣು ನೋಡಿ ಕೈಗೆ ಹೇಳೋ ಹೊತ್ತಿಗೆ ಹಕ್ಕಿ ಹೋಗಿರುತ್ತೆ. ಕೈಯೇ ನೋಡ್ಬೇಕು," ಎಂದರು. ವೀರ್ಲೆ ಮೇಜು ಗುದ್ದಿ, "ಹೌದು! ನನ್ನದೂ ಹಾಗೇ!" ಎಂದಳು. ತನ್ನ ಕ್ಯಾಮೆರಾವನ್ನು ಅವರ ಕೈಗಿಟ್ಟು, ಕಿಟಕಿಯಿಂದಾಚೆ ಬಂದರಿನ ಕಡೆ ನೋಡಿ ಎಂದಳು. ಭಾವ ಒಂದು ಕಣ್ಣು ಮುಚ್ಚಿ ನೋಡಿದರು.

"ಮಂಜು ಕವಿದಿದೆಯಲ್ಲ," ಎಂದರು.

ಹೊರಗೆ ಬಿಸಿಲಿತ್ತು. ವೀರ್ಲೆ ಗಾಜು ಕೊಳೆಯಾಗಿದೆ ಎಂದುಕೊಂಡು ಒರೆಸಿದಳು. ನಾನು ಒಲೆಯ ಕಡೆ ತಿರುಗಿದ್ದವಳು ಈ ಕಡೆ ನೋಡಿದೆ. ಆಗ ನನಗೆ ಗೊತ್ತಾಯಿತು. ಅವಳು ಮೇಲೆ ಹೋದ ಮೇಲೆ, "ಭಾವ, ಕಣ್ಣಿಗೆ ಪೊರೆ ಬಂದಿದೆ ನಿಮಗೆ. ಪಟ್ಟಣಕ್ಕೆ ಹೋಗಿ ತೆಗೆಸ್ಕೊಂಡು ಬನ್ನಿ. ಈಗೆಲ್ಲ ಒಂದು ಬೆಳಗಿನ ಕೆಲಸ," ಎಂದೆ.

"ಕಣ್ಣಿಗೆ ಚಾಕು ಹಾಕಿಸ್ಕೊಳ್ಳೋಕೆ ಟೋರ್ಸ್‌ಹಾವ್ನ್‌ಗೆ ಹೋಗ್ಬೇಕಾ?"

"ಬಂಡೆಯಿಂದ ಬಿದ್ರೆ?"

"ಆ ಬಂಡೆ ನನ್ನ ಅಂಗಳ. ಯಾರಾದ್ರೂ ಅಂಗಳದಿಂದ ಬೀಳ್ತಾರಾ?"

ಬೀಳುವ ಭಯ ನನ್ನದು. ಅವರಿಗಿದ್ದ ಭಯ ಬೇರೆ ಎಂದು ಈಗ ಅನ್ನಿಸುತ್ತದೆ. ಕಣ್ಣು ಹೋಗಿದೆ ಎಂದು ಒಪ್ಪಿಕೊಂಡರೆ ಊರು ಕೋಲು ಕೆಳಗಿಡು ಎನ್ನುತ್ತದೆ. ಪಟ್ಟಣದಿಂದ ಬರುವವರೆಗೆ ಗಾಳಿ ಕಾಯುವುದಿಲ್ಲ.

ಬೇಟೆಗೆ ಬೇಕಾದ ಜೋರು ಗಾಳಿ ಆ ವಾರದ ಕೊನೆಗೆ ಬಂತು. ಬೆಳಗಾಗುತ್ತಲೇ ಮಾಡಿನ ಮೇಲೆ ಬೆಳೆದ ಹುಲ್ಲು ಒಂದೇ ಕಡೆಗೆ ಮಲಗಿತ್ತು. ವೀರ್ಲೆ ತಾನೂ ಹೊಂಚುಕಲ್ಲಿಗೆ ಬರುತ್ತೇನೆಂದು ಕೇಳಿದ್ದಳು, ಭಾವ ಒಪ್ಪಿದ್ದರು. ಅವಳ ಕೆಂಪು ಮಳೆಯಂಗಿಯನ್ನು ನಾನು ಬಿಚ್ಚಿಸಿ, ನಮ್ಮತ್ತೆಯ ಕಂದು ಶಾಲು ಹೊದಿಸಿ ಕಳಿಸಿದೆ. ಎದ್ದು ನಿಲ್ಲಬಾರದು, ಹಕ್ಕಿಗೆ ಬೆರಳು ತೋರಿಸಬಾರದು ಎಂದೆಲ್ಲ ಹೇಳಿದೆ. ಬುತ್ತಿಹಕ್ಕಿಯ ವಿಷಯ ಮಾತ್ರ ಯಾರೂ ಹೇಳಲಿಲ್ಲ. ನೀರಿಗೆ ಬಿದ್ದರೆ ಒದ್ದೆಯಾಗುತ್ತೀಯ ಎಂದು ಯಾರಾದರೂ ಯಾರಿಗಾದರೂ ಹೇಳುತ್ತಾರೆಯೇ?

ಇಬ್ಬರೂ ಸಂಜೆ ಬಂದಾಗ ನೋಡಬೇಕಿತ್ತು. ಗಾಳಿಗೆ ಕೆಂಪಾದ ಮುಖಗಳು, ಒಬ್ಬರ ಮಾತು ಮುಗಿಯುವ ಮೊದಲು ಇನ್ನೊಬ್ಬರು ಶುರು. ಬುಟ್ಟಿ ತುಂಬಿತ್ತು. ಭಾವ ವರ್ಷಗಳಿಂದ ಇಷ್ಟು ಗೆಲುವಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ನಾನು ಕಾಫಿ, ರೊಟ್ಟಿ, ಗಾಳಿಗೆ ಒಣಗಿಸಿದ ಕುರಿಮಾಂಸ ಇಟ್ಟೆ. ಅಷ್ಟರಲ್ಲಿ ತುಮ್ಮಾಸ್ ಬಂದ. ಕಳೆದ ವರ್ಷ ಒಯ್ದ ಏಣಿ ವಾಪಸು ಕೊಡಲು ಬಂದನಂತೆ. ಇಡೀ ವರ್ಷ ನೆನಪಾಗದ ಏಣಿ ಫೋಟೋ ತೋರಿಸುವ ದಿನವೇ ನೆನಪಾಯಿತು. ಕುತೂಹಲ ಯಾರ ಮನೆ ಸ್ವತ್ತು?

ವೀರ್ಲೆ ಲ್ಯಾಪ್‌ಟಾಪ್ ತೆರೆದಳು. ಭಾವ ಮೇಜಿನ ಆ ತುದಿಯಲ್ಲಿ ಕೂತಿದ್ದರು. ನಾನೂ ತುಮ್ಮಾಸೂ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದೆವು. ಬಾಯಿ ತೆರೆದು ಕೋಲೆತ್ತಿದ ಭಾವ. ಟೋಪಿ ಹಾರಿ ಹೋಗುತ್ತಿರುವ ಭಾವ. ಬಲೆಯಿಂದ ಹಕ್ಕಿ ಬಿಡಿಸುವಾಗ ಬೆರಳು ಕಚ್ಚಿಸಿಕೊಂಡ ಭಾವ.

"ಪಾದ್ರಿಗಳೇ, ಉಪದೇಶ ಓದೋವಾಗ ಇಷ್ಟು ಬಾಯಿ ತೆಗೆಯಲ್ಲ ನೀವು," ಎಂದ ತುಮ್ಮಾಸ್.

"ನಿನ್ನ ಬಾಯಿ ಮುಚ್ಚಿಸೋ ಫೋಟೋ ಇದ್ರೆ ತೋರಿಸಮ್ಮ," ಎಂದರು ಭಾವ.

"ಈಗ ನೋಡಿ," ಎಂದಳು ವೀರ್ಲೆ. "ಇದಕ್ಕೇ ನಾನು ಇಷ್ಟು ದೂರ ಬಂದದ್ದು. ಇಂಥದ್ದು ಇನ್ನೊಂದು ಸಿಗಲ್ಲ."

ನಿಜಕ್ಕೂ ಸಿಗುವುದಿಲ್ಲ. ಭಾವ ಕಲ್ಲಿನ ಮೇಲೆ ಅರ್ಧ ಎದ್ದಿದ್ದಾರೆ, ಕೋಲು ಬಿಲ್ಲಿನಂತೆ ಬಾಗಿದೆ, ಬಲೆ ಹಕ್ಕಿಯ ಬಾಲಕ್ಕೆ ಗೇಣು ದೂರದಲ್ಲಿದೆ. ಹಕ್ಕಿಗೆ ಇನ್ನೂ ತಿಳಿದಿಲ್ಲ. ಅದರ ಕೊಕ್ಕಿನ ಎರಡೂ ಕಡೆ ಬೆಳ್ಳಗೆ, ಮೀಸೆಯ ಹಾಗೆ, ಮೀನುಗಳು ಜೋತಾಡುತ್ತಿವೆ.

ನನ್ನ ಕೈಯಲ್ಲಿದ್ದ ಕಾಫಿ ಪಾತ್ರೆಯನ್ನು ಎಲ್ಲಿಡಬೇಕೆಂದು ತೋಚಲಿಲ್ಲ. ಬಲೆ ತಗಲಿದ ಕೂಡಲೇ ಹಕ್ಕಿ ಬಾಯಿ ಬಿಡುತ್ತದೆ, ಮೀನು ಸಮುದ್ರಕ್ಕೆ ಬೀಳುತ್ತದೆ. ಬಲೆಯಲ್ಲಿ ಕೈ ಹಾಕುವಾಗ ಭಾವನಿಗೆ ಸಿಕ್ಕದ್ದು ಬರಿಯ ಹಕ್ಕಿ. ಅವರಿಗೆ ಗೊತ್ತೇ ಇಲ್ಲ. ನಾನು ತುಮ್ಮಾಸ್‌ನ ಮುಖ ನೋಡಿದೆ. ಮೂವತ್ತು ವರ್ಷದಿಂದ ಅವನು ಕಾದದ್ದು ಇದೊಂದು ಗಳಿಗೆಗೇ ಅಲ್ಲವೇ? ಇನ್ನೇನು ಬಾಯಿ ಬಿಡುತ್ತಾನೆ, ಭಾವನ ಕತೆ ಮುಗಿಯಿತು ಎಂದುಕೊಂಡು, ದೇವರೇ ಇವನ ನಾಲಿಗೆಗೆ ಲಕವಾ ಹೊಡೆಸು ಎಂದು ಬೇಡಿಕೊಂಡೆ.

"ಏನಾಯ್ತು? ಯಾಕೆ ಸುಮ್ನಾದ್ರಿ?" ಎಂದರು ಭಾವ.

ತುಮ್ಮಾಸ್ ಬಗ್ಗಿದ್ದ ಬೆನ್ನು ನೆಟ್ಟಗೆ ಮಾಡಿದ. "ಏನಿಲ್ಲ ಹಾನುಸಣ್ಣ. ಫೋಟೋ ಚೆನ್ನಾಗಿ ಬಂದಿದೆ. ನೀನೂ ಚೆನ್ನಾಗಿ ಹಿಡಿದಿದೀಯ," ಎಂದ.

ನಾನು ಬೆಪ್ಪಾಗಿ ನಿಂತೆ. ಭಾವ ಕೈಯಲ್ಲಿದ್ದ ರೊಟ್ಟಿ ತಟ್ಟೆಗಿಟ್ಟರು.

"ಏನಂದೆ?"

"ಚೆನ್ನಾಗಿದೆ ಅಂದೆ."

"ಅದಲ್ಲ. ಅಣ್ಣ ಅಂದೆ." ಭಾವನ ದನಿ ಸಣ್ಣಗಾಗಿತ್ತು. "ಮೂವತ್ತು ವರ್ಷದಲ್ಲಿ ಒಂದಿನ ಅಣ್ಣ ಅಂದವನಲ್ಲ ನೀನು. ನನಗೆ ಜ್ವರ ಬಂದು ಸಾಯೋ ಹಾಗಿದ್ದಾಗ ಬಂದು ನೋಡ್ದೋನು, ಆಗ್ಲೂ ಪಾದ್ರಿಗಳೇ ಅಂದೆ. ಈಗ ಅಣ್ಣ ಅಂತೀಯ, ಹೊಗಳ್ತೀಯ. ಏನಿದೆ ಆ ಫೋಟೋದಲ್ಲಿ?"

ವೀರ್ಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು. ನಮ್ಮ ಭಾಷೆ ಅರ್ಥವಾಗದಿದ್ದರೂ ಏನೋ ಆಯಿತು ಎಂದು ಅವಳಿಗೆ ತಿಳಿದಿತ್ತು.

"ಅಮ್ಮಾ," ಎಂದರು ಭಾವ ಅವಳಿಗೆ, ಅವಳಿಗೆ ಅರ್ಥವಾಗುವ ಡ್ಯಾನಿಷ್‌ನಲ್ಲಿ. "ಹಕ್ಕಿ ಬಾಯಲ್ಲಿ ಏನಾದ್ರೂ ಇದೆಯಾ?"

"ಮೀನು," ಎಂದಳು ಅವಳು. "ತುಂಬಾ ಚೆಂದ ಕಾಣುತ್ತೆ."

ಭಾವ ತಲೆಯಾಡಿಸಿದರು, ಯಾರೋ ಹವಾಮಾನ ಹೇಳಿದ ಹಾಗೆ. ಎದ್ದು, ಗೋಡೆಗೆ ಒರಗಿಸಿದ್ದ ಬಲೆಗೋಲನ್ನು ಕೈಯಾಡಿಸಿ ಹುಡುಕಿ ತೆಗೆದುಕೊಂಡರು. "ತುಮ್ಮಾಸ್, ಆ ಏಣಿ ಹಾಕು. ಇದನ್ನ ಅಟ್ಟಕ್ಕೆ ಹಾಕ್ಬೇಕು," ಎಂದರು. ತುಮ್ಮಾಸ್ ಏಣಿ ಹಾಕಿದ.

ಆಮೇಲೆ ನಾನು ವೀರ್ಲೆಗೆ ಎಲ್ಲ ಬಿಡಿಸಿ ಹೇಳಿದೆ. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಅಳಿಸಿ ಹಾಕ್ತೀನಿ. ಈಗಲೇ. ಯಾರೂ ನೋಡಿಲ್ಲ ಅಂದ್ಕೊಳ್ಳಿ," ಎಂದು ಭಾವನ ಮುಂದೆ ಹೋಗಿ ನಿಂತಳು. ಭಾವನಿಗೆ ಸಿಟ್ಟು ಬಂತು, ಆ ಸಂಜೆ ಬಂದ ಒಂದೇ ಸಿಟ್ಟು ಅದು.

"ಅಳಿಸಿದ್ರೆ ಹಕ್ಕಿ ಎದ್ದು ಹಾರುತ್ತಾ? ಇರ್ಲಿ ಅದು. ಕಣ್ಣಿನ ಪೊರೆ ತೆಗೆಸ್ಕೊಂಡು ಬಂದ್ಮೇಲೆ ನಾನೇ ನೋಡ್ಬೇಕು. ನಿನ್ನ ದೋಣಿ ಯಾವತ್ತು?"

"ಬುಧವಾರ."

"ನಾನೂ ಅದಕ್ಕೇ ಬರ್ತೀನಿ."

ನಾನು ಮೂರು ವರ್ಷ ಬಡಿದುಕೊಂಡರೂ ಆಗುವ ಕೆಲಸವಲ್ಲ ಅದು. ಸಂತೋಷಪಡುವ ಹೊತ್ತೂ ಅದಲ್ಲ.

ಮರುದಿನ ಬೆಳಿಗ್ಗೆ ಭಾವ ಮನೆಮನೆಗೆ ಹೊರಟರು. ದಾರಿ ಕಾಣುತ್ತದೆ ಎಂದು ಹಟ ಮಾಡಿದರೂ ನಾನು ಬಿಡದೆ ಬುಟ್ಟಿಯ ಒಂದು ಹಿಡಿ ಹಿಡಿದು ಜೊತೆಗೆ ಹೋದೆ. ವೀರ್ಲೆಯೂ ಹಿಂದೆ ಬಂದಳು, ಕ್ಯಾಮೆರಾ ಮನೆಯಲ್ಲೇ ಬಿಟ್ಟು. ಪ್ರತಿ ಬಾಗಿಲಲ್ಲೂ ಭಾವ ಟೋಪಿ ತೆಗೆದು, ಪಾಲಿನ ಹಕ್ಕಿ ಕೊಟ್ಟು, ಒಂದೇ ಮಾತು ಹೇಳಿದರು. "ಇದರಲ್ಲಿ ಒಂದು ಬುತ್ತಿಹಕ್ಕಿ. ಯಾವುದು ಅಂತ ಗೊತ್ತಿಲ್ಲ. ಹಿಡಿದೋನು ನಾನು." ಕೆಲವರು "ಆಯ್ತು" ಎಂದರು. ಕೆಲವರು ನೆಲ ನೋಡಿದರು. ಒಬ್ಬಾಕೆ, ತಲೆಗೆ ಹುಷಾರಿಲ್ಲವೇ ಹಾನುಸ್ ನಿನಗೆ, ನೀನು ಹಿಡಿಯೋದುಂಟೇ ಎಂದು ಗದರಿದಳು. ಆ ಮಾತು ಅವರಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು. ಅವರು ಇನ್ನೊಮ್ಮೆ ಹೇಳಬೇಕಾಯಿತು.

ಕೊನೆಯದು ತುಮ್ಮಾಸ್‌ನ ಮನೆ. ಅವನಿಗೆ ಎಲ್ಲ ಗೊತ್ತು, ಬಿಟ್ಟುಬಿಡೋಣ ಎಂದೆ.

"ಗೊತ್ತಿರೋದು ಬೇರೆ, ನಾನು ಹೇಳೋದು ಬೇರೆ," ಎಂದು ಭಾವ ಬಾಗಿಲು ತಟ್ಟಿದರು.

ತುಮ್ಮಾಸ್ ಬಾಗಿಲು ತೆರೆದ. ಭಾವ ಟೋಪಿ ತೆಗೆದು ಹೇಳಬೇಕಾದ್ದನ್ನು ಹೇಳಿದರು. ಅವನು ಕೈಚಾಚಿ ಹಕ್ಕಿ ತೆಗೆದುಕೊಂಡ. ಭಾವ ಅಲ್ಲಿಂದ ಕದಲಲಿಲ್ಲ.

"ಬಾಗಿಲು ಹಾಕ್ಕೋಬಹುದು ನೀನು," ಎಂದರು. "ಅವತ್ತು ನೀನು ನನ್ನ ಬಾಗಿಲಿಗೆ ಬಂದಾಗ ನಾನು ಹಾಕಿದ್ದೆ."

ಇದು ನನಗೆ ಗೊತ್ತಿರಲಿಲ್ಲ. ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ತುಮ್ಮಾಸ್ ಅದನ್ನು ಯಾರ ಹತ್ತಿರವೂ ಆಡಿರಲಿಲ್ಲ.

"ಹಾಕಿದ್ದೆ," ಎಂದ ತುಮ್ಮಾಸ್. "ಮೂಗಿಗೆ ಬಡೀತು. ಈಗ್ಲೂ ಚಳಿಗಾಲದಲ್ಲಿ ನೋಯುತ್ತೆ." ಆಮೇಲೆ ಬಾಗಿಲು ಅಗಲವಾಗಿ ತೆರೆದು, "ಒಳಗೆ ಬಾ. ಗಾಳಿ ಬರ್ತಿದೆ. ಸನ್ನಾ, ನೀವಿಬ್ರೂ ಬನ್ನಿ," ಎಂದ.

ಅವನ ಅಡುಗೆಮನೆ ನಾನು ಅಂದುಕೊಂಡದ್ದಕ್ಕಿಂತ ಚೊಕ್ಕಟವಾಗಿತ್ತು. ಗೋಡೆಯ ತುಂಬ ಮಗಳ ಫೋಟೋಗಳು. ಹಲ್ಲಿಲ್ಲದ್ದು, ಜಡೆ ಹಾಕಿದ್ದು, ಕೋಪನ್‌ಹೇಗನ್ನಿನಲ್ಲಿ ನರ್ಸಿನ ಬಟ್ಟೆ ತೊಟ್ಟದ್ದು. ಆ ಹುಡುಗಿ ಶಾಲೆಗೆ ಸೇರುವ ಮೊದಲೇ ತಾಯಿ ತೀರಿಕೊಂಡಿದ್ದಳು. ಜಡೆ ಹಾಕುವುದನ್ನು ತುಮ್ಮಾಸ್ ಮೀನಿನ ಹಗ್ಗದ ಮೇಲೆ ಕಲಿತ ಎಂದು ಆಗ ಊರು ನಗುತ್ತಿತ್ತು. ವೀರ್ಲೆ ಒಂದೊಂದು ಫೋಟೋದ ಮುಂದೂ ನಿಂತು ನೋಡಿದಳು. ತುಮ್ಮಾಸ್ ಕಾಫಿ ಬಗ್ಗಿಸಿ, ರೂಬಾರ್ಬ್ ಜಾಮಿನ ಬಾಟಲಿ ಮುಂದಿಟ್ಟ. ಭಾವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು, ಕುಡಿಯಲಿಲ್ಲ.

"ಇವರ್ಯಾರೂ ನಿಜ ಹೇಳಲ್ಲ. ನೀನು ಹೇಳು," ಎಂದರು. "ಮೀನು ಎಷ್ಟಿತ್ತು?"

ತುಮ್ಮಾಸ್ ನನ್ನ ಮುಖ ನೋಡಿದ. ನಾನು ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದೆ. ಅವನು ಕೇಳಲಿಲ್ಲ.

"ಬಾಯ್ತುಂಬ," ಎಂದ.

"ಬಾಯ್ತುಂಬ," ಎಂದರು ಭಾವ. "ಹಾಗಾದ್ರೆ ಮರಿ ದೊಡ್ಡದು."

"ದೊಡ್ಡದೇ ಇರ್ಬೇಕು."

"ಕಾಯ್ತಾ ಕೂತಿರುತ್ತೆ."

"ಅದರ ಜೋಡಿ ಇದೆಯಲ್ಲ ಹಾನುಸಣ್ಣ. ಅದೂ ಮೀನು ತರುತ್ತೆ."

ಭಾವನ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಎದುರು ಕೂತವನ ಮುಖ ಅವರಿಗೆ ಕಾಣುತ್ತಿತ್ತೋ ಇಲ್ಲವೋ, ಆ ಕಡೆಗೇ ತಿರುಗಿ ಕೇಳಿದರು.

"ಒಂಟಿಯಾಗಿ ಸಾಕೋಕಾಗುತ್ತೇನೋ ತುಮ್ಮಾಸ್?"

ತುಮ್ಮಾಸ್ ಜಾಮಿನ ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದ, ಚಮಚ ಹಾಕಿ ಅವರ ಕಡೆ ತಳ್ಳಿದ.

"ಆಗುತ್ತೆ," ಎಂದ. "ಕಷ್ಟ. ಆದ್ರೆ ಆಗುತ್ತೆ."